ಕಾರ್ಡು ಕಳೆದಿದೆ, ದೊಡ್ಡಮ್ಮ ಇಲ್ಲೇ ಇದ್ದಾರೆ: ಆಧಾರ್ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಆಧಾರ್ ಕೇಂದ್ರಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ, ನಮ್ಮ ರಾಜ್ಯದ ಇ-ಆಡಳಿತ ಇಲಾಖೆಯವರಿಗೆ,

ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯವಳು. ಈಗ ಪೇಟೆಯಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇನೆ. ಊರಿನಲ್ಲಿ ನನ್ನ ದೊಡ್ಡಮ್ಮ ಒಬ್ಬರೇ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಕಳೆದ ಕಾರ್ತಿಕದಲ್ಲಿ ಅವರ ಆಧಾರ್ ಕಾರ್ಡು ಕಳೆದುಹೋಯಿತು. ಅದನ್ನು ಮತ್ತೆ ಪಡೆಯಲು ನಮಗೆ ಒಂದೂವರೆ ತಿಂಗಳು ಹಿಡಿಯಿತು. ಕೊನೆಗೆ ಕೆಲಸ ಆದದ್ದು ಮಾತ್ರ ಹತ್ತೇ ನಿಮಿಷದಲ್ಲಿ. ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ತಿಂಗಳು ಯಾಕಾಯಿತು ಅನ್ನೋದನ್ನು ನಿಮಗೆ ಹೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಕಾರ್ಡು ಇದ್ದದ್ದು ಎಲೆಅಡಿಕೆ ಸಂಚಿಯಲ್ಲಿ. ಹಳೆ ಸೀರೆಯ ಬಟ್ಟೆಯಲ್ಲಿ ದೊಡ್ಡಮ್ಮ ತಾವೇ ಹೊಲಿದುಕೊಂಡ, ಮೂರು ಜೇಬಿನ ಸಂಚಿ. ಒಂದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಇನ್ನೊಂದರಲ್ಲಿ ಚಿಲ್ಲರೆ ದುಡ್ಡು, ಮನೆ ಬೀಗದ ಕೈ. ಮೂರನೆಯದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್, ಅದರ ಬೆನ್ನಿಗೆ ವೋಟರ್ ಕಾರ್ಡು. ಮೊದಲೆಲ್ಲ ಇವೆರಡೂ ಕಬ್ಬಿಣದ ಟ್ರಂಕಿನಲ್ಲಿ, ಜಮೀನಿನ ಕಾಗದಗಳ ಜೊತೆ ಭದ್ರವಾಗಿ ಇರುತ್ತಿದ್ದವು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಅವತ್ತಿನಿಂದ ಟ್ರಂಕು ಬಿಟ್ಟು ಸಂಚಿಗೆ ಬಂದವು. ಕಂಡಕ್ಟರಿಗೆ ತೋರಿಸಿದರೆ ತಾನೇ ಶೂನ್ಯ ಟಿಕೆಟ್ ಸಿಗೋದು? ನಮ್ಮ ಬೀದಿಯ ಹೆಂಗಸರೆಲ್ಲರದ್ದೂ ಇದೇ ಕಥೆ. ಬಸ್ಸು ಫ್ರೀ ಆದದ್ದು ಅವರಿಗೆ ಎಷ್ಟು ಒಳ್ಳೆಯದಾಗಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಆದರೆ ವರ್ಷಗಟ್ಟಲೆ ಕತ್ತಲಲ್ಲಿ ಇದ್ದ ಕಾರ್ಡು ದಿನಾ ಸಂತೆ, ಆಸ್ಪತ್ರೆ, ದೇವಸ್ಥಾನ ಅಂತ ಓಡಾಡಲು ಶುರು ಮಾಡಿದರೆ ಒಂದಲ್ಲ ಒಂದು ದಿನ ಎಲ್ಲೋ ಬಿದ್ದುಹೋಗುತ್ತದೆ. ಅದನ್ನು ಮತ್ತೆ ಕೊಡುವ ವ್ಯವಸ್ಥೆಯೂ ಅಷ್ಟೇ ಹತ್ತಿರಕ್ಕೆ ಬರಬೇಕಿತ್ತು. ಬಂದಿಲ್ಲ.

ಸಂತೆಯಿಂದ ಬರುವಾಗ ಸಂಚಿ ಹೋಯಿತು. ಬಸ್ಸಿನಲ್ಲಿ ಜಾರಿತೋ, ಯಾರಾದರೂ ಎಗರಿಸಿದರೋ ಗೊತ್ತಿಲ್ಲ. ಮನೆ ಬಾಗಿಲಿಗೆ ಬಂದು ಬೀಗದ ಕೈಗೆ ಸೊಂಟ ತಡಕಿದಾಗಲೇ ಗೊತ್ತಾದದ್ದು. ದುಡ್ಡು ಹೋದದ್ದಕ್ಕೆ ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. "ಆಧಾರ್ ಹೋಯ್ತಲ್ಲೇ" ಅಂತ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ.

ಅವರ ಆತಂಕಕ್ಕೆ ಕಾರಣ ಇತ್ತು. ಅದೇ ತಿಂಗಳು ಬ್ಯಾಂಕಿನವರು ಕೆವೈಸಿ, ಅಂದರೆ ಖಾತೆದಾರರ ಗುರುತಿನ ಪರಿಶೀಲನೆ, ಮಾಡಿಸಿ ಅಂತ ಹೇಳಿದ್ದರು. ಆ ಖಾತೆಗೇ ಅವರ ಸಂಧ್ಯಾ ಸುರಕ್ಷಾ ಪಿಂಚಣಿ ಬರೋದು. ಕೆವೈಸಿ ಆಗದಿದ್ದರೆ ಖಾತೆ ನಿಲ್ಲಬಹುದು ಅಂತ ಕೌಂಟರಿನಲ್ಲಿ ಯಾರೋ ಹೇಳಿದ್ದನ್ನು ಅವರು "ಪಿಂಚಣಿ ನಿಲ್ಲಿಸ್ತಾರಂತೆ" ಅಂತ ಅರ್ಥ ಮಾಡಿಕೊಂಡಿದ್ದರು. ಮಗ ಬೆಂಗಳೂರಿನಲ್ಲಿ ಇದ್ದಾನೆ, ಕೈಲಾದಷ್ಟು ಕಳಿಸುತ್ತಾನೆ. ಆದರೂ ತಿಂಗಳಿಗೊಮ್ಮೆ ತಮ್ಮದೇ ಹೆಸರಿಗೆ ಬರುವ ಆ ದುಡ್ಡು ಅವರಿಗೆ ದೊಡ್ಡದು. ಮಾತ್ರೆ ಬರುವುದು ಅದರಿಂದ. ಮೊಮ್ಮಗಳಿಗೆ ಹಬ್ಬಕ್ಕೆ ಏನಾದರೂ ಕೊಡುವುದೂ ಅದರಿಂದಲೇ.

ಮೊದಲ ಸಲ ಹೋದದ್ದು ಒಂದು ಸೋಮವಾರ. ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟೆವು. ಕಾರ್ಡು ಇಲ್ಲದ್ದರಿಂದ ದೊಡ್ಡಮ್ಮನ ಟಿಕೆಟ್ಟನ್ನು ದುಡ್ಡು ಕೊಟ್ಟು ತೆಗೆದೆ. ತಾಲೂಕು ಊರಿನ ಆ ಕೇಂದ್ರದ ಹೆಸರು ಇಲ್ಲಿ ಬೇಡ. ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಾವು ಮುಟ್ಟುವ ಹೊತ್ತಿಗೆ ಬಾಗಿಲ ಮುಂದೆ ಆಗಲೇ ಇಪ್ಪತ್ತು ಜನ. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಕಾಲೇಜು ಹುಡುಗರು, ಕೋಲು ಹಿಡಿದ ಒಬ್ಬ ಅಜ್ಜ. ಟೋಕನ್ ಸಿಕ್ಕಿ, ನಮ್ಮ ಸರದಿ ಬಂದಾಗ ಮಧ್ಯಾಹ್ನ ಹನ್ನೆರಡು.

"ಆಧಾರ್ ನಂಬರ್ ಹೇಳಿ."

"ಕಾರ್ಡೇ ಕಳೆದಿದೆ. ನಂಬರ್ ಎಲ್ಲೂ ಬರೆದಿಟ್ಟಿಲ್ಲ."

"ಜೆರಾಕ್ಸ್ ಇರಬೇಕಲ್ಲ, ತನ್ನಿ."

"ಅದೂ ಇಲ್ಲ."

"ಹಾಗಾದ್ರೆ ಒಟಿಪಿ ಬರೋ ಮೊಬೈಲ್ ತನ್ನಿ. ಪೊಲೀಸ್ ಕಂಪ್ಲೇಂಟ್ ಕೊಟ್ಟು ಅದರ ಕಾಪಿನೂ ತನ್ನಿ. ನೆಕ್ಸ್ಟ್."

ಒಂದು ನಿಮಿಷವೂ ಆಗಲಿಲ್ಲ. ಹೊರಗೆ ಬಂದು ಕಟ್ಟೆ ಮೇಲೆ ಕೂತೆವು. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು, "ನಾ ಇಲ್ಲೇ ಅವರ ಮುಂದೆ ಕೂತಿದ್ನಲ್ಲೇ, ಮತ್ತೆ ನನ್ನ ಗುರುತು ಎಲ್ಲಿಂದ ತರೋದು?"

ಆ ಪ್ರಶ್ನೆಯನ್ನೇ ನಾನು ನಿಮ್ಮ ಮುಂದೆ ಇಡುತ್ತಿದ್ದೇನೆ. ಅವರ ಹತ್ತೂ ಬೆರಳು, ಎರಡೂ ಕಣ್ಣು, ಮುಖದ ಫೋಟೋ ಎಲ್ಲವನ್ನೂ ನಮ್ಮೂರಿನ ಶಾಲೆಯಲ್ಲಿ ಕ್ಯಾಂಪ್ ಹಾಕಿ ನೀವೇ ತೆಗೆದುಕೊಂಡಿದ್ದಿರಿ. ಕಳೆದದ್ದು ಅಂಗೈ ಅಗಲದ ಒಂದು ಹಾಳೆ ಅಷ್ಟೇ. ನಿಮ್ಮ ಹತ್ತಿರ ಇರುವ ಗುರುತು ಎಲ್ಲೂ ಹೋಗಿಲ್ಲ, ಕುರ್ಚಿಯ ಮೇಲೆ ಕೂತ ಮನುಷ್ಯರೂ ಎಲ್ಲೂ ಹೋಗಿಲ್ಲ. ಇವೆರಡನ್ನು ಜೋಡಿಸಿ ನೋಡಲು ಕಳೆದುಹೋದ ಹಾಳೆಯನ್ನೇ ಕೇಳಿದರೆ ಬಡವರು ಏನು ಮಾಡಬೇಕು?

ಪೊಲೀಸ್ ಸ್ಟೇಷನ್ನಿಗೂ ಹೋದೆವು. ಅಲ್ಲಿದ್ದವರು ಮರ್ಯಾದೆಯಿಂದಲೇ ಬರೆದುಕೊಂಡರು. ಕಳೆದ ಆಧಾರ್ ಮತ್ತೆ ಪಡೆಯಲು ಪೊಲೀಸ್ ದೂರು ಬೇಕಾಗಿಯೇ ಇಲ್ಲ ಅಂತ ನನಗೆ ಗೊತ್ತಾದದ್ದು ಆಮೇಲೆ. ಕಾರ್ಡು ಕೆಟ್ಟವರ ಕೈಗೆ ಸಿಕ್ಕೀತು ಅಂತ ಹೆದರಿಕೆ ಇದ್ದರೆ ದೂರು ಕೊಡುವುದು ಒಳ್ಳೆಯದೇ. ಅದಕ್ಕೆ ಕರ್ನಾಟಕ ಪೊಲೀಸರು ಮೊಬೈಲಿನಲ್ಲೇ ಇ-ಲಾಸ್ಟ್ ಅಂತ ದಾರಿ ಮಾಡಿದ್ದಾರೆ. ಆದರೆ ಬೇಡದ ಕಾಗದಕ್ಕೆ ವಯಸ್ಸಾದವರನ್ನು ಸ್ಟೇಷನ್ ಮೆಟ್ಟಿಲು ಹತ್ತಿಸಬಾರದು. ಅವತ್ತು ದೊಡ್ಡಮ್ಮ ಜೀವನದಲ್ಲೇ ಮೊದಲ ಸಲ ಪೊಲೀಸ್ ಸ್ಟೇಷನ್ ಒಳಗೆ ಹೋದದ್ದು. ಸೆರಗು ಹೊದ್ದುಕೊಂಡು, ತಲೆ ತಗ್ಗಿಸಿ ಕೂತಿದ್ದರು.

ಇನ್ನು ಒಟಿಪಿ ಬರುವ ಮೊಬೈಲ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ನಮ್ಮ ಮನೆಯೊಂದರ ಕಥೆ ಅಲ್ಲ.

ಆಧಾರ್ ಮಾಡಿಸಿದ ಕಾಲಕ್ಕೆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲ್. ಅದೂ ಗಂಡಸರ ಜೇಬಿನಲ್ಲಿ. ಕ್ಯಾಂಪಿನಲ್ಲಿ ನಂಬರ್ ಕೇಳಿದಾಗ ಹೆಂಡತಿ, ಅಮ್ಮ, ಮಕ್ಕಳು ಎಲ್ಲರ ಹೆಸರಿಗೂ ಆ ಒಂದೇ ನಂಬರ್ ಬರೆಸಿದರು. ದೊಡ್ಡಮ್ಮನದ್ದಕ್ಕೆ ದೊಡ್ಡಪ್ಪನ ನಂಬರ್. ದೊಡ್ಡಪ್ಪ 2021ರಲ್ಲಿ ತೀರಿಕೊಂಡರು. ಆ ಗಲಾಟೆಯಲ್ಲಿ ಅವರ ಮೊಬೈಲಿಗೆ ಯಾರು ರೀಚಾರ್ಜ್ ಮಾಡಿಸುತ್ತಾರೆ? ಪ್ರೀಪೇಡ್ ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿಯವರು ಅದನ್ನು ನಿಲ್ಲಿಸಬಹುದು. ಕೆಲವು ಕಾಲ ಬಿಟ್ಟು ಅದೇ ನಂಬರನ್ನು ಬೇರೆಯವರಿಗೆ ಕೊಡುತ್ತಾರೆ.

ನಾನು ಆ ನಂಬರಿಗೆ ಫೋನ್ ಮಾಡಿದೆ. ಬಾಯಿಪಾಠ ಇದ್ದ ನಂಬರು. ಹಾಸ್ಟೆಲಿನಲ್ಲಿ ಇದ್ದಾಗ ಕಾಯಿನ್ ಬೂತಿನಿಂದ ಎಷ್ಟು ಸಲ ಒತ್ತಿದ್ದೆನೋ. ಎರಡು ರಿಂಗಿಗೆ ಆ ಕಡೆ ಎತ್ತಿದರು. "ಹಲೋ, ಯಾರು?" ಅಂತ ಒಬ್ಬ ಹುಡುಗನ ದನಿ. ನನಗೆ ಅರೆಗಳಿಗೆ ಮಾತೇ ಹೊರಡಲಿಲ್ಲ. ವಿಷಯ ಹೇಳಿದೆ. ಪಾಪ, ಒಳ್ಳೆಯ ಹುಡುಗ. ಬೇರೆ ಜಿಲ್ಲೆಯವನು, ಆ ಸಿಮ್ ತೆಗೆದುಕೊಂಡು ಎರಡು ವರ್ಷ ಆಗಿತ್ತು. "ನಂಗೂ ಆಗಾಗ ಯಾವ್ದೋ ಒಟಿಪಿ ಬರ್ತಾವೆ ಅಕ್ಕಾ, ಯಾರ್ದು ಅಂತ ಗೊತ್ತಾಗ್ತಿರ್ಲಿಲ್ಲ" ಅಂದ.

ದಯವಿಟ್ಟು ಈ ಮಾತನ್ನು ಇನ್ನೊಂದು ಸಲ ಓದಿ. ನಮ್ಮ ದೊಡ್ಡಮ್ಮನ ಗುರುತಿನ ಬೀಗದ ಕೈ ಎರಡು ವರ್ಷದಿಂದ ಮುಖ ನೋಡದ ಯಾರದೋ ಜೇಬಿನಲ್ಲಿತ್ತು. ಅವನು ಒಳ್ಳೆಯವನಾಗಿದ್ದ, ನಮ್ಮ ಪುಣ್ಯ. ಗಂಡನನ್ನು ಕಳೆದುಕೊಂಡ ಎಷ್ಟು ಹೆಂಗಸರ ಆಧಾರ್ ಹೀಗೆ ಸತ್ತ ನಂಬರಿಗೆ ಅಂಟಿಕೊಂಡಿರಬಹುದು, ಯೋಚನೆ ಮಾಡಿ.

ಆಮೇಲೆ 1947ಕ್ಕೆ ಫೋನ್ ಮಾಡಿದೆ. ಸ್ವಾತಂತ್ರ್ಯ ಬಂದ ವರ್ಷವೇ ಸಹಾಯವಾಣಿಯ ನಂಬರು, ನೆನಪಿಡಲು ಸುಲಭ. ಕನ್ನಡದಲ್ಲೇ ಮಾತಾಡಿದರು. ಹೆಸರು, ವಿಳಾಸ, ಪಿನ್ ಕೋಡ್ ಎಲ್ಲ ದಾಖಲೆಯಲ್ಲಿ ಇದ್ದ ಹಾಗೇ ಸರಿಯಾಗಿ ಹೇಳಿದರೆ, ಆಧಾರ್ ಮಾಡಿಸಿದ ದಿನ ಕೊಟ್ಟ ಚೀಟಿಯ ನೋಂದಣಿ ಸಂಖ್ಯೆ ಸಿಗುತ್ತದೆ, ಅದರಿಂದ ಆಧಾರ್ ನಂಬರ್ ತೆಗೆಯಬಹುದು ಅಂದರು. ಒಳ್ಳೆಯ ದಾರಿ. ಆದರೆ "ದಾಖಲೆಯಲ್ಲಿ ಇದ್ದ ಹಾಗೇ" ಅನ್ನೋ ಕಡೆ ನಾವು ಸಿಕ್ಕಿಹಾಕಿಕೊಂಡೆವು.

ದೊಡ್ಡಮ್ಮನ ಹೆಸರು ಗೌರಿಯಿಂದ ಶುರುವಾಗುತ್ತದೆ. ಈ "ಗೌ" ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಜಿ ಓ ಡಬ್ಲ್ಯೂ ಅಂತ ಬರೆಯುವವರಿದ್ದಾರೆ. ಜಿ ಓ ಯು ಇದೆ, ಜಿ ಎ ಯು ಕೂಡ ಇದೆ. ಕೊನೆಯ "ಮ್ಮ"ಗೆ ಎಮ್ ಎರಡೋ ಒಂದೋ? ಗಂಡನ ಹೆಸರು ಸೇರಿಸಿದ್ದಾರೋ, ಊರಿನ ಇನಿಷಿಯಲ್ ಹಾಕಿದ್ದಾರೋ? ಅವತ್ತು ಕ್ಯಾಂಪಿನಲ್ಲಿ ಟೈಪ್ ಮಾಡಿದ ಹುಡುಗ ಯಾವುದನ್ನು ಒತ್ತಿದ ಅಂತ ಇಂಗ್ಲಿಷ್ ಅಕ್ಷರವೇ ಗೊತ್ತಿಲ್ಲದ ದೊಡ್ಡಮ್ಮ ಹೇಗೆ ಹೇಳಬೇಕು? ಹುಟ್ಟಿದ ದಿನಾಂಕ ಕೇಳಿದರು. ಅವರಿಗೆ ಗೊತ್ತಿರುವುದು ಇಷ್ಟೇ, "ದೊಡ್ಡ ಮಳೆ ಬಂದು ಕೆರೆ ಕೋಡಿ ಒಡೆದ ವರ್ಷ, ಶ್ರಾವಣದಲ್ಲಿ". ಕ್ಯಾಂಪಿನಲ್ಲಿ ಅಂದಾಜಿಗೆ ಒಂದು ಇಸವಿ ಹಾಕಿದ್ದರು. ಆ ಅಂದಾಜು ಯಾವುದು ಅನ್ನೋದೂ ಕಳೆದ ಕಾರ್ಡಿನಲ್ಲೇ ಇತ್ತು. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಹೊಂದಲಿಲ್ಲ.

ಆಧಾರ್ ಕಾರ್ಡಿನ ಮೇಲೆ ಹೆಸರು ಕನ್ನಡದಲ್ಲೂ ಅಚ್ಚಾಗಿರುತ್ತದೆ, ಅಲ್ವಾ? ಅಂದರೆ ಕನ್ನಡದ ಹೆಸರು ನಿಮ್ಮ ಹತ್ತಿರ ಇದ್ದೇ ಇದೆ. ಅದರಲ್ಲಿ "ಗೌ" ಬರೆಯಲು ಇರುವುದು ಒಂದೇ ಬಗೆ. ಹುಡುಕುವಾಗ ಆ ಕನ್ನಡ ಹೆಸರನ್ನೂ ನೋಡುವ ಹಾಗೆ ಮಾಡಿ. ನಮ್ಮ ಹಳ್ಳಿಗಳ ತಿಮ್ಮಪ್ಪ, ಪುಟ್ಟಮ್ಮ, ಹೂವಮ್ಮಂದಿರಿಗೆ ಇದರಿಂದ ಎಷ್ಟು ಸಹಾಯವಾಗುತ್ತದೆ ಅಂತ ಮಾತಲ್ಲಿ ಹೇಳಲು ಆಗುವುದಿಲ್ಲ.

ಎರಡನೇ ಸಲ ಕೇಂದ್ರಕ್ಕೆ ಹೋಗುವ ಹೊತ್ತಿಗೆ ನಾನು ಓದಿಕೊಂಡಿದ್ದೆ. ನಂಬರ್ ಗೊತ್ತಿಲ್ಲದಿದ್ದರೂ, ಮೊಬೈಲ್ ಲಿಂಕ್ ಇಲ್ಲದಿದ್ದರೂ ಆಧಾರ್ ಕೇಂದ್ರದಲ್ಲೇ ಹುಡುಕಿಸಿಕೊಳ್ಳಬಹುದು. ಹೆಸರು, ಗಂಡೋ ಹೆಣ್ಣೋ, ಜಿಲ್ಲೆ ಅಥವಾ ಪಿನ್ ಕೋಡ್ ಹೇಳಿ ಬೆರಳು ಅಥವಾ ಕಣ್ಣು ಕೊಟ್ಟರೆ, ಹೊಂದಿದ ಕೂಡಲೇ ಆಪರೇಟರ್ ಪ್ರಿಂಟ್ ತೆಗೆದುಕೊಡುತ್ತಾರೆ. ಸಣ್ಣ ಶುಲ್ಕ ಇರುತ್ತದೆ. ಇದು ನೀವೇ ಮಾಡಿಟ್ಟಿರುವ ವ್ಯವಸ್ಥೆ. ಇದನ್ನು ಹೇಳಿದಾಗ ಆಪರೇಟರ್ "ನೋಡೋಣ" ಅಂತ ಬೆರಳಿಡಿಸಿದರು.

ಬೆರಳು ತೆಗೆದುಕೊಳ್ಳಲಿಲ್ಲ.

ದೊಡ್ಡಮ್ಮನ ಬೆರಳುಗಳನ್ನು ನೀವು ಒಮ್ಮೆ ನೋಡಬೇಕು. ಐವತ್ತು ವರ್ಷದಿಂದ ಅಡಿಕೆ ಗೊನೆಯ ಕೊಯ್ಲು ಬಂತೆಂದರೆ ಮೆಟ್ಟುಗತ್ತಿ ಮುಂದೆ ಕೂತವರು. ಹಸಿ ಅಡಿಕೆಯನ್ನು ಕತ್ತಿಯ ಬಾಯಿಗೆ ಕೊಟ್ಟು, ಹೆಬ್ಬೆರಳಿನಲ್ಲಿ ಒತ್ತಿ ಸಿಪ್ಪೆ ಬಿಡಿಸಬೇಕು. ದಿನಕ್ಕೆ ಎಷ್ಟು ಸಾವಿರ ಸಲ ಆ ಹೆಬ್ಬೆರಳು ಒತ್ತುತ್ತದೋ ಲೆಕ್ಕ ಇಟ್ಟವರಿಲ್ಲ. ಡಬ್ಬದ ಲೆಕ್ಕದಲ್ಲಿ ಕೂಲಿ, ರಾತ್ರಿ ಹತ್ತರ ತನಕ ಕೂರುವುದೂ ಉಂಟು. ಹಸಿ ಸಿಪ್ಪೆಯ ಕರೆ ಬೆರಳಿಗೆ ಹತ್ತಿ ಕಪ್ಪಾಗುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಹೆಬ್ಬೆರಳ ತುದಿ ನುಣ್ಣಗೆ, ಹೊಳೆಯಲ್ಲಿ ಸವೆದ ಕಲ್ಲಿನ ಹಾಗೆ ಆಗಿದೆ. ಗೆರೆ ಇದ್ದ ಜಾಗದಲ್ಲಿ ಕತ್ತಿ ತಾಗಿದ ಅಡ್ಡ ಗಾಯಗಳು. ನಾವು ಹೋದದ್ದು ಸುಲಿತದ ನಡುವೆ, ಕರೆ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ. ಮೆಷಿನ್ ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟರೂ ಕೆಂಪು. ಹತ್ತೂ ಬೆರಳು ಇಟ್ಟಾಯಿತು. "ಅಜ್ಜಿ ಬೆರಳು ಬರಲ್ಲ, ಏನೂ ಮಾಡಕ್ಕಾಗಲ್ಲ" ಅಂದರು.

ದೊಡ್ಡಮ್ಮ ತಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು, ಏನೋ ತಪ್ಪು ಮಾಡಿದವರ ಹಾಗೆ. ಅದನ್ನು ನೋಡಿದ ಮೇಲೆಯೇ ಈ ಪತ್ರ ಬರೆಯಲೇಬೇಕು ಅಂತ ನಾನು ತೀರ್ಮಾನ ಮಾಡಿದ್ದು. ದುಡಿದ ಕೈ ಅದು. ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು, ಗಾರೆ ಕೆಲಸದವರು, ಪಾತ್ರೆ ತೊಳೆಯುವವರು, ಇವರೆಲ್ಲರ ಬೆರಳಿನ ಗೆರೆ ಸವೆದಿರುತ್ತದೆ. ಸರ್ಕಾರದ ನೆರವು ಜಾಸ್ತಿ ಬೇಕಾಗಿರುವುದೂ ಇವರಿಗೇ.

ಮೂರನೇ ಸಲ ನಾವು ಬೇರೆ ಕೇಂದ್ರಕ್ಕೆ ಹೋದೆವು. ಅಲ್ಲಿ ಕೂತಿದ್ದದ್ದು ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ನಾನು ಕಥೆ ಶುರು ಮಾಡುವ ಮೊದಲೇ ದೊಡ್ಡಮ್ಮನ ಕೈ ನೋಡಿ, "ಅಡಿಕೆ ಸುಲೀತೀರಾ ಅಮ್ಮಾ? ನಮ್ಮಮ್ಮನ ಕೈನೂ ಹಿಂಗೇ" ಅಂದರು. ಹಿಂದೆ ಕರೆದುಕೊಂಡು ಹೋಗಿ ಸೋಪು ಹಾಕಿ ತೊಳೆಸಿದರು, ತಮ್ಮ ಟವೆಲಿನಲ್ಲೇ ಒರೆಸಿದರು. ಬೆರಳು ಆಗಲೂ ಬರಲಿಲ್ಲ. "ಇರ್ಲಿ ಬಿಡಿ, ಕಣ್ಣಿದೆಯಲ್ಲ" ಅಂತ ಕಣ್ಣಿನ ಮೆಷಿನ್ ತೆಗೆದರು. ದೊಡ್ಡಮ್ಮನ ಗದ್ದ ಹಿಡಿದು ಮೆಲ್ಲಗೆ ಎತ್ತಿ, "ರೆಪ್ಪೆ ಮುಚ್ಚಬೇಡಿ, ಗೋಪುರ ನೋಡ್ತೀರಲ್ಲ, ಹಂಗೆ ನೋಡಿ" ಅಂದರು. ಹೆಸರಿನ ಸ್ಪೆಲಿಂಗನ್ನು ಅವರೇ ನಾಲ್ಕೈದು ಬಗೆಯಲ್ಲಿ ಹಾಕಿ ನೋಡಿದರು. ಹತ್ತು ನಿಮಿಷದಲ್ಲಿ ಪ್ರಿಂಟರಿನಿಂದ ಹಾಳೆ ಬಂತು. ಫೋಟೋ ನೋಡಿ ದೊಡ್ಡಮ್ಮ, "ಆವಾಗ ಕೂದ್ಲು ಇಷ್ಟು ಬೆಳ್ಳಗೆ ಆಗಿರ್ಲಿಲ್ಲ" ಅಂದರು.

ಅಲ್ಲೇ ಕೂತು ದೊಡ್ಡಪ್ಪನ ಹಳೆ ನಂಬರ್ ತೆಗೆಸಿ, ದೊಡ್ಡಮ್ಮನದೇ ನಂಬರ್ ಸೇರಿಸಲು ಕೊಟ್ಟೆವು. ಅದಕ್ಕೆ ಹಳೆ ಮೊಬೈಲೂ ಬೇಡ, ಯಾವ ಕಾಗದವೂ ಬೇಡ. 2020ರಲ್ಲಿ ಶುರುವಾದ ಎಟಿಎಂ ಕಾರ್ಡಿನಂಥ ಪಿವಿಸಿ ಆಧಾರ್ ಇದೆಯಲ್ಲ, ಅದನ್ನು ಆಧಾರ್ ನಂಬರ್ ಒಂದಿದ್ದರೆ ಬೇರೆಯವರ ಮೊಬೈಲಿನಿಂದಲೂ ಆರ್ಡರ್ ಮಾಡಬಹುದು. ನನ್ನ ಫೋನಿನಿಂದಲೇ ಮಾಡಿದೆ. ಸ್ಪೀಡ್ ಪೋಸ್ಟಿನಲ್ಲಿ ಮನೆಗೇ ಬಂತು. ವೋಟರ್ ಕಾರ್ಡಿಗೆ ಫಾರಂ 8 ತುಂಬಿಕೊಟ್ಟೆವು, ಅದರಲ್ಲಿ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ.

ಆ ಹೆಣ್ಣುಮಗಳು ನಿಯಮ ಮೀರಿ ಏನೂ ಮಾಡಲಿಲ್ಲ. ನಿಯಮದಲ್ಲಿ ಇದ್ದದ್ದನ್ನೇ ಮಾಡಿದರು. ಕಣ್ಣಿನ ಮೆಷಿನ್ ಮೊದಲ ಕೇಂದ್ರದ ಟೇಬಲ್ಲಿನ ಮೇಲೂ ಇತ್ತು. ಅಲ್ಲಿನ ಆಪರೇಟರ್ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಬೆಳಗಿನಿಂದ ಒಬ್ಬರೇ ಕೂತು, ಕರೆಂಟು ಹೋಗಿ ಬಂದು, ಸರ್ವರ್ ನಿಂತು, ಹೊರಗೆ ಜನ ಕೂಗುತ್ತಿದ್ದರೆ ಯಾರಿಗಾದರೂ ತಾಳ್ಮೆ ತಪ್ಪುತ್ತದೆ. ಸಣ್ಣ ತಪ್ಪಿಗೂ ದಂಡ ಬೀಳುತ್ತದೆ ಅನ್ನೋ ಹೆದರಿಕೆ ಬೇರೆ. ಹಾಗಾಗಿ ಗೊತ್ತಿರುವ ಕೆಲಸ ಮಾತ್ರ ಮಾಡಿ, ಸ್ವಲ್ಪ ಬೇರೆ ಥರ ಇದ್ದದ್ದನ್ನು ವಾಪಸ್ ಕಳಿಸುವುದೇ ಅವರಿಗೆ ಕ್ಷೇಮ ಅನ್ನಿಸಿರಬಹುದು. ಆದರೆ ವಾಪಸ್ ಹೋದವರು ಒಂದು ದಿನದ ಕೂಲಿ ಬಿಟ್ಟು ಬಂದವರು. ಮೂರು ಸಲ ಹೋದದ್ದಕ್ಕೆ ದೊಡ್ಡಮ್ಮ ಸುಗ್ಗಿಯ ಮೂರು ದಿನದ ಕೂಲಿ ಕಳೆದುಕೊಂಡರು, ನಾನು ಮೂರು ರಜೆ ಹಾಕಿದೆ. ಓದು ಬರಹ ಗೊತ್ತಿರುವ ಒಬ್ಬರು ಜೊತೆಗಿದ್ದೂ ಹೀಗಾಯಿತು. ಯಾರೂ ಇಲ್ಲದವರು ಏನು ಮಾಡುತ್ತಾರೆ? ನಮ್ಮೂರಿನ ಒಬ್ಬರು "ನಾನು ಮಾಡಿಸಿಕೊಡ್ತೀನಿ" ಅಂದ ಯಾರಿಗೋ 500 ರೂಪಾಯಿ ಕೊಟ್ಟು ಎರಡು ತಿಂಗಳಿಂದ ಕಾಯುತ್ತಿದ್ದಾರೆ.

ಕಾನೂನಿನ ವಿಷಯ ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಹೇಳುತ್ತೇನೆ. ಬೆರಳು ಹೊಂದಲಿಲ್ಲ ಅಂತ ಯಾರಿಗೂ ರೇಷನ್, ಪಿಂಚಣಿ ತಪ್ಪಿಸಬಾರದು, ಬೇರೆ ದಾರಿಯಲ್ಲಿ ಗುರುತು ನೋಡಿ ಕೊಡಬೇಕು ಅಂತ ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಆಧಾರನ್ನು ಎತ್ತಿಹಿಡಿಯುತ್ತಲೇ, ಗುರುತು ಹೊಂದದ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದು ಅಂತ ಹೇಳಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು, ಅಂದರೆ ನಮ್ಮ ದೊಡ್ಡಮ್ಮನಿಗಿಂತ ದೊಡ್ಡವರು. ದೇಶದ ಮೊದಲ ಆಧಾರ್ ಕೊಟ್ಟದ್ದು 2010ರ ಸೆಪ್ಟೆಂಬರ್ 29ಕ್ಕೆ, ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ಟೆಂಭ್ಲಿ ಅನ್ನೋ ಹಳ್ಳಿಯಲ್ಲಿ, ಒಬ್ಬ ಹೆಣ್ಣುಮಗಳಿಗೆ. ಹಳ್ಳಿಯಿಂದಲೇ ಹೊರಟ ಕೆಲಸ ಇದು. ಕಾರ್ಡು ಕಳೆದಾಗಲೂ ಹಳ್ಳಿಯ ಹೆಂಗಸಿಗೆ ಅದು ಸುಲಭವಾಗಿ ಕೈಗೆ ಸಿಗಬೇಕು.

ಹಾಗಾಗಿ ನಾನು ಕೇಳುತ್ತಿರುವುದು ದೊಡ್ಡ ಯೋಜನೆಯನ್ನಲ್ಲ. ಎಲ್ಲಕ್ಕಿಂತ ಮೊದಲು ಪ್ರತಿ ಆಧಾರ್ ಕೇಂದ್ರದ ಹೊರಗೋಡೆಯ ಮೇಲೆ, ಸಾಲಿನಲ್ಲಿ ನಿಂತವರಿಗೆ ಕಾಣುವ ಹಾಗೆ, ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಬೋರ್ಡು ಬೇಕು. "ಕಾರ್ಡು ಕಳೆದಿದೆಯೇ? ನಂಬರ್ ಗೊತ್ತಿಲ್ಲವೇ? ಮೊಬೈಲ್ ಲಿಂಕ್ ಇಲ್ಲವೇ? ಬೆರಳು ಅಥವಾ ಕಣ್ಣು ಕೊಟ್ಟು ಇಲ್ಲೇ ಪಡೆಯಿರಿ. ಪೊಲೀಸ್ ದೂರು ಬೇಕಿಲ್ಲ." ಜೊತೆಗೆ ಶುಲ್ಕ ಎಷ್ಟು ಅಂತ ಬರೆಸಿ. ಗ್ರಾಮ ಒನ್, ನಾಡಕಚೇರಿ, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಎಲ್ಲ ಕಡೆಯೂ ಇದೇ ಮಾತು ಇರಲಿ. ಬೆರಳು ಬರದಿದ್ದರೆ ಕಣ್ಣು ನೋಡದೆ ಯಾರನ್ನೂ ವಾಪಸ್ ಕಳಿಸಬಾರದು ಅಂತ ಆಪರೇಟರುಗಳಿಗೆ ಬರವಣಿಗೆಯಲ್ಲಿ ತಿಳಿಸಿ. ಅಡಿಕೆ ಸುಲಿತದ ಕಾಲದಲ್ಲಿ ಮಲೆನಾಡಿನ ಕೇಂದ್ರಗಳಲ್ಲಿ ಒಂದು ಬಕೆಟ್ ನೀರು, ಒಂದು ಸೋಪು ಇಡಿಸುವುದಕ್ಕೆ ಆದೇಶವೂ ಬೇಕಿಲ್ಲ.

ಇನ್ನೊಂದು ಕೆಲಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮನೆಯಲ್ಲಿ ಸಾವಾದಾಗ ಎಲ್ಲರೂ ಮರಣ ಪ್ರಮಾಣಪತ್ರಕ್ಕೆ ಬಂದೇ ಬರುತ್ತಾರೆ. ಆ ಕೌಂಟರಿನಲ್ಲಿ ಒಂದು ಮಾತು ಕೇಳಿಸಿ: "ಇವರ ಮೊಬೈಲ್ ನಂಬರ್ ಮನೆಯಲ್ಲಿ ಬೇರೆ ಯಾರ ಆಧಾರಿಗಾದರೂ ಇದೆಯಾ? ಇದ್ದರೆ ಬದಲಾಯಿಸಿಕೊಳ್ಳಿ." ಪ್ರಮಾಣಪತ್ರದ ಜೊತೆ ಒಂದು ಚೀಟಿ ಕೊಟ್ಟರೂ ಸಾಕು. ಆಧಾರಿಗೆ ಮೊಬೈಲ್ ನಂಬರ್ ಸೇರಿಸುವ ಕೆಲಸವನ್ನು ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ಮಾಡುವ ಸೇವೆ 2021ರಲ್ಲಿ ಶುರುವಾಗಿದೆ. ನಮ್ಮೂರಲ್ಲಿ ನಾನು ಕೇಳಿದ ಯಾರಿಗೂ ಅದು ಗೊತ್ತಿರಲಿಲ್ಲ. ಇದನ್ನು ಪಂಚಾಯಿತಿಯಿಂದ ಡಂಗುರ ಹೊಡೆಸಿಯಾದರೂ ಹೇಳಿಸಿ. ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ಇದು ಮೊದಲು ಮುಟ್ಟಬೇಕು.

ಮೂರು ತಿಂಗಳಿಗೊಮ್ಮೆಯಾದರೂ ಮೆಷಿನ್ನು ಪಂಚಾಯಿತಿಗೆ ಬರಲಿ ಅನ್ನೋ ಆಸೆಯೂ ಇದೆ. ಶಾಲೆಯಲ್ಲಿ ಕ್ಯಾಂಪ್ ಹಾಕಿ ಬರೆಸಿಕೊಂಡು ಹೋದವರು ಅದೇ ಶಾಲೆಗೆ ಇನ್ನೊಮ್ಮೆ ಬರಬಹುದಲ್ಲ?

ಇದನ್ನು ಓದುತ್ತಿರುವ ಮನೆಮಂದಿಗೂ ಒಂದು ಮಾತು. ಇವತ್ತು ರಾತ್ರಿಯೇ ಅಪ್ಪ, ಅಮ್ಮ, ಅಜ್ಜಿಯ ಕಾರ್ಡು ತೆಗೆದು, 12 ಅಂಕಿಯ ನಂಬರು, ಇಂಗ್ಲಿಷ್ ಸ್ಪೆಲಿಂಗ್, ಹುಟ್ಟಿದ ಇಸವಿ ಇಷ್ಟನ್ನು ಮನೆಯ ಒಂದು ಪುಸ್ತಕದಲ್ಲಿ ಬರೆದಿಡಿ. ಆಧಾರ್ ವೆಬ್‌ಸೈಟಿನಲ್ಲಿ ನಂಬರ್ ಪರಿಶೀಲಿಸಿದರೆ ಲಿಂಕ್ ಆಗಿರುವ ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಅದು ಈಗ ಯಾರ ಕೈಯಲ್ಲಿರುವ ನಂಬರ್ ಅಂತ ನೋಡಿ.

ದೊಡ್ಡಮ್ಮ ಹೊಸ ಸಂಚಿ ಹೊಲಿದುಕೊಂಡಿದ್ದಾರೆ. ಈ ಸಲ ಕಾರ್ಡಿನ ಜೇಬಿಗೆ ಎರಡು ಗುಂಡಿ. ಬ್ಯಾಂಕಿನ ಕೆವೈಸಿ ಆಯಿತು, ಪಿಂಚಣಿ ಬರುತ್ತಿದೆ. ಆ 500 ರೂಪಾಯಿ ಕೊಟ್ಟು ಕಾಯುತ್ತಿದ್ದಾರೆ ಅಂದೆನಲ್ಲ, ಅವರು ಬರುವ ಸೋಮವಾರ ಆರೂವರೆ ಬಸ್ಸಿಗೆ ತಾಲೂಕು ಕೇಂದ್ರಕ್ಕೆ ಹೊರಡುತ್ತಿದ್ದಾರೆ. ಅವರಿಗೂ ಓದಲು ಬರುವುದಿಲ್ಲ, ಜೊತೆಗೆ ಹೋಗಲು ನನಗೆ ರಜೆ ಇಲ್ಲ. "ನಂಬರ್ ಗೊತ್ತಿಲ್ಲ, ಹೆಸರು ಹಾಕಿ ಹುಡುಕಿ, ಬೆರಳು ಬರದಿದ್ದರೆ ದಯವಿಟ್ಟು ಕಣ್ಣು ನೋಡಿ" ಅಂತ ಒಂದು ಚೀಟಿಯಲ್ಲಿ ಬರೆದು, ಮಡಚಿ ಅವರ ಕೈಗೆ ಕೊಟ್ಟಿದ್ದೇನೆ. ಆ ಚೀಟಿಯಲ್ಲಿ ಇರುವುದು ನಿಮ್ಮ ಕೇಂದ್ರದ ಗೋಡೆಯ ಮೇಲೆ ಇರಬೇಕಾದ ಮಾತು. ಆದಷ್ಟು ಬೇಗ ಬರೆಸಿ.

ಇಂತಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಮಗಳು